ಹಳೆಯ ಬ್ರ್ಯಾಂಡೆಡ್ ಕಂಪ್ಯೂಟರ್ ಹೊಸ ಕ್ಯಾಬಿನೆಟ್‌ನಲ್ಲಿ ಏಳದಿದ್ದರೆ: ದೋಷ ಪತ್ತೆಯ ಕೈಪಿಡಿ

ಹಳೆಯ ಕ್ಯಾಬಿನೆಟ್‌ನಲ್ಲಿ ಬೆಳಿಗ್ಗೆಯವರೆಗೂ ತಕರಾರಿಲ್ಲದೆ ಓಡುತ್ತಿದ್ದ ಕಂಪ್ಯೂಟರ್, ಸಂಜೆ ಹೊಸ ಕ್ಯಾಬಿನೆಟ್ ಸೇರಿದ ಮೇಲೆ ಮಿಸುಕುವುದಿಲ್ಲ. ಇಂಥ ಹೊತ್ತಿನಲ್ಲಿ ಸುತ್ತಲಿನವರ ಬಾಯಿಂದ ಮೊದಲು ಬರುವ ಮಾತು ‘ಮದರ್‌ಬೋರ್ಡ್ ಹೋಗಿದೆ’ ಎಂಬುದು. ಆ ಮಾತನ್ನು ಬೇಗ ನಂಬಬೇಡಿ. ಕೆಲವೇ ಗಂಟೆಗಳ ಹಿಂದೆ ಕೆಲಸ ಮಾಡುತ್ತಿದ್ದ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರೂ ಬಹುಮಟ್ಟಿಗೆ ಈಗಲೂ ಸರಿಯಾಗಿಯೇ ಇರುತ್ತವೆ. ಹಳೆಯ ಕ್ಯಾಬಿನೆಟ್ ಸದ್ದಿಲ್ಲದೆ ಮಾಡುತ್ತಿದ್ದ ಯಾವುದೋ ಒಂದು ಕೆಲಸವನ್ನು ಹೊಸ ಕ್ಯಾಬಿನೆಟ್ ಮಾಡುತ್ತಿಲ್ಲ, ಅಷ್ಟೆ. ಆ ಕೆಲಸ ಯಾವುದೆಂದು ಹುಡುಕುವುದೇ ಇಲ್ಲಿನ ದೋಷ ಪತ್ತೆ.

ಅಂಗಡಿಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಅಸೆಂಬಲ್ಡ್ ಕಂಪ್ಯೂಟರ್‌ಗೆ ಕ್ಯಾಬಿನೆಟ್ ಎಂದರೆ ಒಂದು ಪೆಟ್ಟಿಗೆ ಮಾತ್ರ. ಡೆಲ್, ಎಚ್‌ಪಿ, ಲೆನೊವೊಗಳ ಕಚೇರಿ ಕಂಪ್ಯೂಟರ್‌ಗಳ ವಿಷಯ ಬೇರೆ. ಅವುಗಳಲ್ಲಿ ಕ್ಯಾಬಿನೆಟ್‌ನ ತಗಡು, ಪ್ರೊಸೆಸರ್‌ನ ಬಿಸಿ ಹೀರುವ ಲೋಹದ ಹೀಟ್‌ಸಿಂಕ್‌ಗೆ ಬೆನ್ನಾಗಿರಬಹುದು. ಮುಚ್ಚಳದ ಬಳಿಯ ಸ್ವಿಚ್ಚು, ಮುಂದಿನ ಯುಎಸ್‌ಬಿ ಪಟ್ಟಿ, ಉಷ್ಣ ಸಂವೇದಕ, ಹಿಂದಿನ ಫ್ಯಾನ್ ಇವೆಲ್ಲವನ್ನೂ ಬಯಾಸ್, ಅಂದರೆ ಚಾಲೂ ಆದೊಡನೆ ಮೊದಲು ಓಡುವ ಬೋರ್ಡಿನದೇ ತಂತ್ರಾಂಶ, ಹೆಸರು ಹಿಡಿದು ಕರೆದು ಹಾಜರಿ ಹಾಕುತ್ತಿರಬಹುದು. ಈ ಬರಹದಲ್ಲಿ ಮುಖ್ಯವಾಗಿ ಡೆಲ್ ಆಪ್ಟಿಪ್ಲೆಕ್ಸ್ 7010 ಮತ್ತು 9020 ಮಿನಿ ಟವರ್‌ಗಳ ಕಾಲದ, ಅಂದರೆ ಸುಮಾರು 2011ರಿಂದ 2015ರವರೆಗಿನ ಯಂತ್ರಗಳನ್ನು ಎದುರಿಗಿಟ್ಟುಕೊಂಡಿದ್ದೇನೆ. ಅದೇ ಕಾಲದ ಎಚ್‌ಪಿ ಎಲೀಟ್ ಸಾಲೂ ಅಲ್ಲಲ್ಲಿ ಬರುತ್ತದೆ. ಕಂಪನಿಗಳು ಬಳಸಿ ಬಿಟ್ಟ ಇಂಥ ಯಂತ್ರಗಳು ಬೆಂಗಳೂರಿನ ಎಸ್.ಪಿ. ರಸ್ತೆಯ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಸಿಗುತ್ತವೆ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಬೇಕು, ಗಾಳಿ ಚೆನ್ನಾಗಿ ಆಡಬೇಕು ಎಂದು ಬೋರ್ಡನ್ನು ಹೊಸ ಕ್ಯಾಬಿನೆಟ್‌ಗೆ ಸಾಗಿಸುವವರು ಬಹಳ.

ಇದಕ್ಕಿಂತ ಹಳೆಯ ಯಂತ್ರವಾದರೆ ಒಂದು ಎಚ್ಚರಿಕೆ. ಆಪ್ಟಿಪ್ಲೆಕ್ಸ್ 745, 755 ಟವರ್‌ಗಳು ಬಿಟಿಎಕ್ಸ್ ಮಾದರಿಯವು. ಇಂಟೆಲ್ ತಂದು 2006ರಲ್ಲಿ ತಾನೇ ಕೈಬಿಟ್ಟ ಈ ಮಾದರಿಯಲ್ಲಿ ಬೋರ್ಡಿನ ಜೋಡಣೆ ಸಾಮಾನ್ಯ ಮಾದರಿಯಾದ ಎಟಿಎಕ್ಸ್‌ಗೆ ತಿರುಗುಮುರುಗು. ಅದು ಸಾಮಾನ್ಯ ಕ್ಯಾಬಿನೆಟ್‌ನಲ್ಲಿ ಕೂರುವುದಿಲ್ಲ; ಕೂರಿಸಲು ಹೋಗಬೇಡಿ.

ಕ್ಯಾಬಿನೆಟ್‌ನ ಹೊರಗೇ ಒಮ್ಮೆ ಏಳಿಸಿ

ಸ್ಕ್ರೂ ಬಿಗಿಯುವ ಮುನ್ನ ಮಾಡಬೇಕಾದ ಪರೀಕ್ಷೆ ಇದು. ಬಿಗಿದಾಗಿದ್ದರೂ ಚಿಂತೆಯಿಲ್ಲ, ಬೋರ್ಡನ್ನು ಹೊರತೆಗೆದು ಇಲ್ಲಿಂದಲೇ ಶುರುಮಾಡಿ. ಅರ್ಧ ಗಂಟೆ ಹೋಗುತ್ತದೆ, ಆದರೆ ಉಳಿದ ಎಲ್ಲ ಊಹಾಪೋಹಗಳಿಗೆ ಅದು ತೆರೆ ಎಳೆಯುತ್ತದೆ.

ಒಣಗಿದ ರಟ್ಟಿನ ಮೇಲೆ ಬೋರ್ಡ್ ಇಡಿ. ಪ್ರೊಸೆಸರ್, ಸರಿಯಾಗಿ ಬಿಗಿದ ಹೀಟ್‌ಸಿಂಕ್ ಮತ್ತು ಅದರ ಫ್ಯಾನ್, ಒಂದೇ ಒಂದು ರ‍್ಯಾಮ್ ಕಡ್ಡಿ, ಬೋರ್ಡಿನದೇ ವಿಡಿಯೊ ಕಿಂಡಿಗೆ ಮಾನಿಟರ್, ಕೀಬೋರ್ಡ್. ಇಷ್ಟೇ. ಹಾರ್ಡ್ ಡಿಸ್ಕ್, ಗ್ರಾಫಿಕ್ಸ್ ಕಾರ್ಡ್, ಮುಂದಿನ ಯುಎಸ್‌ಬಿ, ಆಡಿಯೊ ಯಾವುದೂ ಬೇಡ. ಸಾಧ್ಯವಿದ್ದರೆ ಹಳೆಯ ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಒದಗಿಸುವ ಡಬ್ಬ) ಅನ್ನೇ ಜೋಡಿಸಿ, ಹಳೆಯ ಪವರ್ ಬಟನ್‌ನ ಕೇಬಲ್ಲನ್ನೇ ಚುಚ್ಚಿ. ಪರದೆಯ ಮೇಲೆ ತಯಾರಕರ ಲಾಂಛನ ಮೂಡಿದರೆ ಬೋರ್ಡ್ ಜೀವಂತವಾಗಿದೆ. ಆಮೇಲೆ ಒಂದೊಂದೇ ವಸ್ತುವನ್ನು ಬದಲಿಸುತ್ತ ಹೋಗಿ: ಮೊದಲು ಹೊಸ ಎಸ್‌ಎಂಪಿಎಸ್, ನಂತರ ಹೊಸ ಬಟನ್, ನಂತರ ಕ್ಯಾಬಿನೆಟ್. ಯಾವ ಹೆಜ್ಜೆಯಲ್ಲಿ ನಿಲ್ಲುತ್ತದೋ ದೋಷ ಅಲ್ಲೇ ಇದೆ. ಎರಡು ವಸ್ತುಗಳನ್ನು ಒಟ್ಟಿಗೆ ಬದಲಿಸಿದರೆ ಈ ಪರೀಕ್ಷೆಗೆ ಬೆಲೆಯೇ ಉಳಿಯುವುದಿಲ್ಲ.

ಹೀಟ್‌ಸಿಂಕ್ ಇಲ್ಲದೆ ‘ಎರಡೇ ಸೆಕೆಂಡು’ ಎಂದು ಓಡಿಸಿ ನೋಡುವ ಅಭ್ಯಾಸ ಬೇಡ. ಎಸ್‌ಎಂಪಿಎಸ್‌ನ ಹಿಂದೆ 115/230 ಎಂದು ಬರೆದ ಕೆಂಪು ಸ್ವಿಚ್ಚು ಇದ್ದರೆ ಅದು 230ರಲ್ಲೇ ಇದೆಯೆಂದು ಕಣ್ಣಾರೆ ನೋಡಿ. ನಮ್ಮ 230 ವೋಲ್ಟ್ ವಿದ್ಯುತ್ತಿಗೆ ಅದನ್ನು 115ರಲ್ಲಿಟ್ಟು ಚಾಲೂ ಮಾಡಿದರೆ ಒಳಗೆ ಸಿಡಿಯುವ ಸದ್ದು ಕೇಳುತ್ತದೆ, ಅಲ್ಲಿಗೆ ಆ ಎಸ್‌ಎಂಪಿಎಸ್ ಮುಗಿಯಿತು. ಮೂರು ಪಿನ್ನಿನ, ಅರ್ತಿಂಗ್ ಇರುವ ಪ್ಲಗ್ಗಿಗೇ ಹಾಕಿ. ಅರ್ತಿಂಗ್ ಇಲ್ಲದ ಮನೆಯಲ್ಲಿ ಲೋಹದ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುವುದು ಇದೇ ಕಾರಣಕ್ಕೆ, ಅದನ್ನು ಬೋರ್ಡಿನ ದೋಷವೆಂದು ತಿಳಿಯಬೇಡಿ.

ಬಟನ್ ಒತ್ತಿದರೂ ಏನೂ ಆಗುತ್ತಿಲ್ಲ

ಮೊದಲ ಪ್ರಶ್ನೆ: ಬಟನ್ ಒತ್ತುವುದಕ್ಕೂ ಮುನ್ನ ಬೋರ್ಡಿನ ಮೇಲಿನ ಪುಟ್ಟ ದೀಪ ಬೆಳಗುತ್ತಿದೆಯೇ? ಆಪ್ಟಿಪ್ಲೆಕ್ಸ್‌ನಂಥ ಬಹಳಷ್ಟು ಬೋರ್ಡ್‌ಗಳಲ್ಲಿ ಸ್ಟ್ಯಾಂಡ್‌ಬೈ ವಿದ್ಯುತ್, ಅಂದರೆ ಯಂತ್ರ ಆರಿದ್ದಾಗಲೂ ಹರಿಯುವ ಅಲ್ಪ ವಿದ್ಯುತ್, ಬಂದ ಕೂಡಲೇ ಒಂದು ಎಲ್‌ಇಡಿ ಹೊತ್ತಿಕೊಳ್ಳುತ್ತದೆ. ಅದು ಹೊತ್ತಿದರೆ ಎಸ್‌ಎಂಪಿಎಸ್‌ನಿಂದ ಬೋರ್ಡಿನವರೆಗೆ ದಾರಿ ಇದೆ, ಸಂಶಯವನ್ನು ಬಟನ್‌ನ ಕಡೆಗೆ ತಿರುಗಿಸಿ. ಹೊತ್ತದಿದ್ದರೆ ಎಸ್‌ಎಂಪಿಎಸ್ ಕಡೆಗೆ.

ಎಸ್‌ಎಂಪಿಎಸ್ ಪರೀಕ್ಷೆ ಸುಲಭ. 24 ಪಿನ್ನಿನ ಕನೆಕ್ಟರನ್ನು ಬೋರ್ಡಿನಿಂದ ಬಿಡಿಸಿ, 16ನೇ ಪಿನ್ನಿನ ಹಸಿರು ತಂತಿಯನ್ನೂ ಪಕ್ಕದ ಯಾವುದಾದರೂ ಕಪ್ಪು ತಂತಿಯನ್ನೂ ಒಂದು ತುಂಡು ತಂತಿಯಿಂದ ಸೇರಿಸಿ, ಆಮೇಲೆ ಹಿಂದಿನ ಸ್ವಿಚ್ ಹಾಕಿ. ಎಸ್‌ಎಂಪಿಎಸ್‌ನ ಫ್ಯಾನ್ ತಿರುಗಬೇಕು. ಹೊಸ ಎಸ್‌ಎಂಪಿಎಸ್‌ಗಳಲ್ಲಿ ಎಲ್ಲ ತಂತಿಗಳೂ ಕಪ್ಪಾಗಿರುವುದುಂಟು, ಆಗ ಪಿನ್ ಎಣಿಸಿಯೇ ಗುರುತಿಸಬೇಕು. ಫ್ಯಾನ್ ತಿರುಗಿದ ಮಾತ್ರಕ್ಕೆ ಎಸ್‌ಎಂಪಿಎಸ್ ಸರಿಯಿದೆ ಎಂದು ತೀರ್ಮಾನಿಸುವಂತಿಲ್ಲ, ಮಲ್ಟಿಮೀಟರ್ ಇಡಿ. ಹಳದಿ ತಂತಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ವೋಲ್ಟ್ ಇರಬೇಕು. ನೇರಳೆ ತಂತಿ ಸ್ಟ್ಯಾಂಡ್‌ಬೈ. ಹಸಿರು ತಂತಿ ಮುಟ್ಟಿಸದಿದ್ದಾಗಲೂ ಅದರಲ್ಲಿ 5 ವೋಲ್ಟ್ ಬರುತ್ತಿರಬೇಕು. ಎಸ್‌ಎಂಪಿಎಸ್‌ನ ಡಬ್ಬವನ್ನು ಮಾತ್ರ ಬಿಚ್ಚಬೇಡಿ: ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ 300 ವೋಲ್ಟಿಗೂ ಮಿಕ್ಕಿ ಉಳಿದಿರಬಹುದು.

ಇನ್ನು ಬಟನ್. ಇಲ್ಲಿ ನಿಧಾನವಾಗಿ ಹೋಗೋಣ, ಏಕೆಂದರೆ ನನ್ನ ಪ್ರಕಾರ ‘ಸತ್ತ’ ಬೋರ್ಡ್‌ಗಳಲ್ಲಿ ದೊಡ್ಡ ಪಾಲು ಸತ್ತಿರುವುದು ಇಲ್ಲೇ. ಸಾಮಾನ್ಯ ಬೋರ್ಡ್‌ಗಳಲ್ಲಿ ಮುಂದಿನ ಫಲಕಕ್ಕೆ 9 ಪಿನ್ನಿನ ಗುಂಪು ಇರುತ್ತದೆ: 1 ಮತ್ತು 3 ಡಿಸ್ಕ್ ದೀಪ, 2 ಮತ್ತು 4 ಪವರ್ ದೀಪ, 5 ಮತ್ತು 7 ರೀಸೆಟ್, 6 ಮತ್ತು 8 ಪವರ್ ಸ್ವಿಚ್. ಹೊಸ ಕ್ಯಾಬಿನೆಟ್‌ನ ತಂತಿಗಳು ಈ ಕ್ರಮವನ್ನು ನಂಬಿಯೇ ಬಂದಿರುತ್ತವೆ. ಬ್ರ್ಯಾಂಡೆಡ್ ಬೋರ್ಡ್ ಈ ಕ್ರಮ ಪಾಲಿಸಲೇಬೇಕೆಂದಿಲ್ಲ. ಪಿನ್ನುಗಳ ಸಂಖ್ಯೆ ಬೇರೆ, ಅಂತರ ಬೇರೆ, ಹೆಸರೂ ಅಚ್ಚಾಗಿರುವುದಿಲ್ಲ.

ಯಾರೋ ಬರೆದ ಚಿತ್ರ ಹುಡುಕುವುದಕ್ಕಿಂತ ಹಳೆಯ ಬಟನ್ನನ್ನೇ ಕೇಳುವುದು ಮೇಲು. ಹಳೆಯ ಕೇಬಲ್ಲನ್ನು ಬೋರ್ಡಿನಿಂದ ಕಿತ್ತು ಮೇಜಿನ ಮೇಲಿಡಿ. ಮಲ್ಟಿಮೀಟರನ್ನು ಬೀಪ್ ಕೊಡುವ ಕಂಟಿನ್ಯೂಟಿ ಸ್ಥಾನಕ್ಕೆ ತಿರುಗಿಸಿ, ಕನೆಕ್ಟರಿನ ಎರಡೆರಡು ಕಿಂಡಿಗಳಿಗೆ ಮೊನೆ ಇಟ್ಟು ಬಟನ್ ಒತ್ತುತ್ತಾ ಹೋಗಿ. ಒತ್ತಿದಾಗ ಮಾತ್ರ ಸದ್ದು, ಬಿಟ್ಟಾಗ ಮೌನ: ಅಂಥ ಜೋಡಿ ಸಿಕ್ಕರೆ ಅದೇ ಪವರ್ ಸ್ವಿಚ್. ಕನೆಕ್ಟರ್ ಬೋರ್ಡಿನ ಮೇಲೆ ಯಾವ ದಿಕ್ಕಿನಲ್ಲಿ ಕೂರುತ್ತಿತ್ತೆಂದು ನೋಡಿಕೊಂಡು, ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಒಂದು ಕ್ಷಣ ಮುಟ್ಟಿಸಿ ಬಿಡಿ. ಯಂತ್ರ ಎದ್ದರೆ ಪ್ರಶ್ನೆ ಬಗೆಹರಿಯಿತು. ಇನ್ನೊಂದು ವಿಷಯ: ಬಟನ್ ಒತ್ತದೆಯೂ ಸದಾ ಸದ್ದು ಕೊಡುವ ಇನ್ನೊಂದು ಜೋಡಿ ಆ ಹಳೆಯ ಕನೆಕ್ಟರಿನಲ್ಲಿ ಸಿಕ್ಕರೆ ಗುರುತು ಹಾಕಿಕೊಳ್ಳಿ. ಕೇಬಲ್ ಜೋಡಣೆಯಾಗಿದೆ ಎಂದು ಬೋರ್ಡಿಗೆ ತಿಳಿಸಲು ತಯಾರಕರು ಹೀಗೆ ಎರಡು ಪಿನ್ನುಗಳನ್ನು ಸೇರಿಸಿಟ್ಟಿರುವುದುಂಟು, ಹೊಸ ಕ್ಯಾಬಿನೆಟ್‌ನಲ್ಲೂ ಅದನ್ನು ಹಾಗೆಯೇ ಸೇರಿಸಬೇಕು.

ನನ್ನ ಆಯ್ಕೆ ಕೇಳಿದರೆ, ಹಳೆಯ ಕೇಬಲ್ಲನ್ನು ಅರ್ಧಕ್ಕೆ ಕತ್ತರಿಸಿ ಬೋರ್ಡಿನ ಕಡೆಯ ಕನೆಕ್ಟರ್ ಉಳಿಸಿಕೊಂಡು, ಹೊಸ ಬಟನ್‌ನ ತಂತಿಗಳನ್ನು ಅದಕ್ಕೆ ಬೆಸುಗೆ ಹಾಕುವುದು ಒಳ್ಳೆಯದು. ಬಿಡಿ ತಂತಿಗಳನ್ನು ಪಿನ್ನಿಗೆ ಸಿಕ್ಕಿಸಿದರೆ ಕ್ಯಾಬಿನೆಟ್ ಸರಿಸಿದಾಗಲೆಲ್ಲ ಕಳಚುತ್ತದೆ. ಸ್ವಿಚ್ಚಿಗೆ ಪ್ಲಸ್, ಮೈನಸ್ ಭೇದವಿಲ್ಲ, ದೀಪಕ್ಕಿದೆ. ಹಳೆಯ ಬಟನ್‌ನ ದೀಪ ಬಿಳಿ ಮತ್ತು ಅಂಬರ್ ಎರಡೂ ಬಣ್ಣದ್ದಾಗಿದ್ದರೆ ಅದನ್ನು ಎಸೆಯಬೇಡಿ. ಬೋರ್ಡ್ ತನ್ನ ಕಷ್ಟ ಹೇಳಿಕೊಳ್ಳುವುದು ಆ ಅಂಬರ್ ಬಣ್ಣದಲ್ಲಿ. ಹೊಸ ಕ್ಯಾಬಿನೆಟ್‌ನ ಒಂಟಿ ನೀಲಿ ದೀಪ ಆ ಸುಳಿವನ್ನು ನುಂಗಿಹಾಕುತ್ತದೆ.

ಕನೆಕ್ಟರ್ ಕೂತಿತು ಎಂದರೆ ಹೊಂದಿತು ಎಂದಲ್ಲ

ಆಪ್ಟಿಪ್ಲೆಕ್ಸ್ 7010 ಮಿನಿ ಟವರ್‌ನ ಬೋರ್ಡಿಗೆ ಮಾಮೂಲಿ 24 ಪಿನ್ ಸಾಕು. ಮರುವರ್ಷದ 9020ರಲ್ಲಿ, ಹಾಗೆಯೇ 3020, 7020ಗಳಲ್ಲಿ, ಡೆಲ್ ತನ್ನದೇ 8 ಪಿನ್ನಿನ ಮುಖ್ಯ ಕನೆಕ್ಟರ್ ತಂದಿತು. ಎಸ್‌ಎಂಪಿಎಸ್ ಮುಖ್ಯವಾಗಿ 12 ವೋಲ್ಟ್ ಕೊಡುತ್ತದೆ, ಡಿಸ್ಕ್‌ಗಳಿಗೆ ಬೇಕಾದ ಕಡಿಮೆ ವೋಲ್ಟೇಜುಗಳನ್ನು ಬೋರ್ಡೇ ತಯಾರಿಸುತ್ತದೆ, ಸಾಟಾ ಪವರ್ ಕೇಬಲ್ ಹೊರಡುವುದೂ ಬೋರ್ಡಿನಿಂದಲೇ. ಹೊಸ ಕ್ಯಾಬಿನೆಟ್‌ನೊಂದಿಗೆ ಸಾಮಾನ್ಯ ಎಟಿಎಕ್ಸ್ ಎಸ್‌ಎಂಪಿಎಸ್ ಹಾಕುವುದಾದರೆ 24ರಿಂದ 8 ಪಿನ್ನಿಗೆ ಬದಲಿಸುವ, ಈ ಮಾದರಿಗಳಿಗೆಂದೇ ಮಾಡಿದ ಅಡಾಪ್ಟರ್ ಕೇಬಲ್ ಬೇಕು.

ತಪ್ಪು ಆಗುವುದು ಇಲ್ಲಿ. ಪ್ರೊಸೆಸರ್‌ಗೆ ಪವರ್ ಕೊಡುವ 8 ಪಿನ್ ಕನೆಕ್ಟರ್ ಎಟಿಎಕ್ಸ್ ಎಸ್‌ಎಂಪಿಎಸ್‌ನಲ್ಲೂ ಇರುತ್ತದೆ, ಗ್ರಾಫಿಕ್ಸ್ ಕಾರ್ಡಿನ 8 ಪಿನ್ನೂ ಇರುತ್ತದೆ. ಪಿನ್ ಎಣಿಕೆ ಒಂದೇ ಎಂದು ಅವುಗಳಲ್ಲಿ ಒಂದನ್ನು ಡೆಲ್‌ನ ಮುಖ್ಯ ಕಿಂಡಿಗೆ ಒತ್ತಿ ಕೂರಿಸಿದರೆ ಬೋರ್ಡ್ ನಿಜವಾಗಿಯೂ ಹೋಗುತ್ತದೆ. ಹೊಸ ವಿಷಯವೂ ಅಲ್ಲ ಇದು. 1990ರ ದಶಕದ ಕೊನೆಯ ಡೆಲ್ ಯಂತ್ರಗಳಲ್ಲಿ ಹೊರನೋಟಕ್ಕೆ ಎಟಿಎಕ್ಸ್‌ನದೇ 20 ಪಿನ್ ಕನೆಕ್ಟರ್ ಇತ್ತು, ಒಳಗಿನ ತಂತಿಗಳ ಕ್ರಮ ಮಾತ್ರ ಬೇರೆ. ಮಾಮೂಲಿ ಎಸ್‌ಎಂಪಿಎಸ್ ಹಾಕಿದವರ ಬೋರ್ಡ್‌ಗಳು ಸುಟ್ಟವು.

ಬೇರೆ ತಯಾರಕರ ಕೆಲವು ಬೋರ್ಡ್‌ಗಳು ಸ್ಟ್ಯಾಂಡ್‌ಬೈ ವಿದ್ಯುತ್ತನ್ನೂ 12 ವೋಲ್ಟಿನಲ್ಲೇ ಕೇಳುತ್ತವೆ. ಅವುಗಳ ಅಡಾಪ್ಟರ್ ಕೇಬಲ್‌ನ ನಡುವೆ 5 ವೋಲ್ಟನ್ನು ಏರಿಸುವ ಪುಟ್ಟ ಸರ್ಕ್ಯೂಟ್ ಇರುತ್ತದೆ. ಸ್ಟ್ಯಾಂಡ್‌ಬೈ ದೀಪ ಹೊತ್ತದೆ, ನೇರಳೆ ತಂತಿಯಲ್ಲಿ ಮಾತ್ರ 5 ವೋಲ್ಟ್ ಸರಿಯಾಗಿ ಬರುತ್ತಿದ್ದರೆ ಮೊದಲು ಆ ಕೇಬಲ್ಲನ್ನೇ ಸಂಶಯಿಸಿ. ಅಗ್ಗದ ಕೇಬಲ್‌ಗಳಲ್ಲಿ ಕೆಡುವುದು ಆ ಸರ್ಕ್ಯೂಟೇ. ಹಳೆಯ ಎಸ್‌ಎಂಪಿಎಸ್ ಹಾಕಿ ನೋಡಿದರೆ ಉತ್ತರ ಖಚಿತ.

ಒಂದು ಕ್ಷಣ ತಿರುಗಿ ನಿಂತರೆ

ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎನ್ನುವುದರಲ್ಲೇ ಉತ್ತರದ ಅರ್ಧ ಭಾಗ ಇದೆ.

ಫ್ಯಾನ್ ಒಂದು ಸುತ್ತೂ ಪೂರ್ತಿ ಹಾಕದೆ ಗಕ್ಕನೆ ನಿಂತರೆ ಎಲ್ಲೋ ಶಾರ್ಟ್ ಇದೆ, ಎಸ್‌ಎಂಪಿಎಸ್ ತನ್ನನ್ನು ತಾನು ರಕ್ಷಿಸಿಕೊಳ್ಳುತ್ತಿದೆ. ಮೊದಲು ನೋಡಬೇಕಾದ್ದು ಬೋರ್ಡಿನ ಅಡಿಯ ಹಿತ್ತಾಳೆಯ ಸ್ಟ್ಯಾಂಡ್‌ಆಫ್‌ಗಳನ್ನು, ಅಂದರೆ ಬೋರ್ಡನ್ನು ತಗಡಿನಿಂದ ಎತ್ತಿ ಹಿಡಿಯುವ ಪುಟ್ಟ ಕಂಬಗಳನ್ನು. ಹೊಸ ಕ್ಯಾಬಿನೆಟ್‌ನಲ್ಲಿ ಅವು ಪೂರ್ಣ ಎಟಿಎಕ್ಸ್ ಬೋರ್ಡಿಗಾಗಿ, ಅಂದರೆ 305 ಮತ್ತು 244 ಮಿಲಿಮೀಟರ್ ಅಳತೆಗೆ, ಮೊದಲೇ ತಿರುಗಿಸಿಟ್ಟಿರಬಹುದು. ನಿಮ್ಮ ಬೋರ್ಡ್ ಮೈಕ್ರೊ ಎಟಿಎಕ್ಸ್ ಆಗಿದ್ದರೆ ಅದರ ಗರಿಷ್ಠ ಅಳತೆ 244ಕ್ಕೆ 244. ತೂತಿಲ್ಲದ ಜಾಗದಲ್ಲಿ ನಿಂತ ಒಂದು ಸ್ಟ್ಯಾಂಡ್‌ಆಫ್ ಸಾಕು, ಬೋರ್ಡಿನ ಬೆನ್ನ ಮೇಲಿನ ಬೆಸುಗೆಗಳನ್ನು ಮುಟ್ಟಿ ಕೆಲಸ ಕೆಡಿಸಲು. ಬೋರ್ಡನ್ನು ಎತ್ತಿ ಹಿಡಿದು ಅದರ ತೂತುಗಳನ್ನೂ ಕೆಳಗಿನ ಕಂಬಗಳನ್ನೂ ಒಂದೊಂದಾಗಿ ತಾಳೆ ನೋಡಿ, ಹೆಚ್ಚಿನದನ್ನು ತೆಗೆಯಿರಿ. ಬ್ರ್ಯಾಂಡೆಡ್ ಬೋರ್ಡ್‌ಗಳಲ್ಲಿ ಒಂದೆರಡು ತೂತುಗಳು ಎಟಿಎಕ್ಸ್ ಜಾಗಕ್ಕೆ ಸೇರದಿರುವುದು ಮಾಮೂಲು. ಅಲ್ಲಿ ಬೋರ್ಡನ್ನು ಆಧಾರವಿಲ್ಲದೆ ಬಿಟ್ಟರೆ ರ‍್ಯಾಮ್ ಒತ್ತುವಾಗ ಬಾಗುತ್ತದೆ; ಅಂಟಿಸುವ ಪ್ಲಾಸ್ಟಿಕ್ ಕಂಬವೊಂದನ್ನು ಕೊಡಿ.

ಎರಡನೆಯದು ಹಿಂಬದಿಯ ಐಒ ಶೀಲ್ಡ್, ಅಂದರೆ ಬೋರ್ಡಿನ ಕಿಂಡಿಗಳ ಸುತ್ತ ಕೂರುವ ತೂತುಗಳ ತಗಡು. ಹಳೆಯ ಕ್ಯಾಬಿನೆಟ್‌ನಲ್ಲಿ ಅದು ಬೆನ್ನಿನ ತಗಡಿನಲ್ಲೇ ಕೊರೆದಿದ್ದರೆ ಹೊಸದಕ್ಕೆ ಬಿಡಿ ಶೀಲ್ಡ್ ಸಿಗುವುದು ಕಷ್ಟ. ಇಲ್ಲದಿದ್ದರೂ ಯಂತ್ರ ಓಡುತ್ತದೆ, ಧೂಳು ಮಾತ್ರ ಹೆಚ್ಚು. ಸಿಕ್ಕ ಶೀಲ್ಡನ್ನೇ ಹಾಕಿದ್ದರೆ ಅದರ ತಗಡಿನ ನಾಲಿಗೆಗಳು ಯುಎಸ್‌ಬಿ ಅಥವಾ ನೆಟ್‌ವರ್ಕ್ ಕಿಂಡಿಯೊಳಗೆ ಮಡಚಿಕೊಂಡಿವೆಯೇ ಎಂದು ಟಾರ್ಚ್ ಹಿಡಿದು ನೋಡಿ. ಮೂರನೆಯದು ಮುಂದಿನ ಯುಎಸ್‌ಬಿ ಕೇಬಲ್: ಒಂದು ಪಿನ್ ಆಚೀಚೆ ಕೂತರೆ 5 ವೋಲ್ಟ್ ನೇರ ನೆಲಕ್ಕೆ (ಗ್ರೌಂಡ್‌ಗೆ) ಇಳಿಯುತ್ತದೆ. ಮುಂದಿನ ಎಲ್ಲ ಕೇಬಲ್‌ಗಳನ್ನೂ ಕಿತ್ತು ಒಮ್ಮೆ ಚಾಲೂ ಮಾಡಿದರೆ ಇದು ಗೊತ್ತಾಗುತ್ತದೆ.

ನಾಲ್ಕೈದು ಸೆಕೆಂಡ್ ಓಡಿ ನಿಲ್ಲುತ್ತಿದ್ದರೆ ಕಥೆಯೇ ಬೇರೆ. ಪವರ್ ಬಟನ್ನನ್ನು 4 ಸೆಕೆಂಡ್ ಒತ್ತಿ ಹಿಡಿದರೆ ಬಲವಂತವಾಗಿ ಆರುವುದು ಎಟಿಎಕ್ಸ್ ಯಂತ್ರಗಳ ನಿಯಮ. ಹೊಸ ಕ್ಯಾಬಿನೆಟ್‌ನ ಬಟನ್ ಒಳಗೇ ಸಿಕ್ಕಿಕೊಂಡಿದ್ದರೆ ಅಥವಾ ತಂತಿ ಸದಾ ಮುಟ್ಟುವ ಪಿನ್ನಿಗೆ ಹೋಗಿದ್ದರೆ ಬೋರ್ಡಿಗೆ ಕಾಣುವುದು ಯಾರೋ ಬಟನ್ ಬಿಡದೆ ಒತ್ತಿದ್ದಾರೆ ಎಂದು. ಎದ್ದ ಕೂಡಲೇ ಬಟನ್‌ನ ತಂತಿ ಕಿತ್ತುಬಿಡಿ. ಆಗ ಆರದೆ ಓಡಿದರೆ ಬಟನ್ನೇ ಕಾರಣ.

ಇನ್ನೂ ಸ್ವಲ್ಪ ಹೊತ್ತು, ಅರ್ಧ ನಿಮಿಷವೋ ಒಂದು ನಿಮಿಷವೋ ಓಡಿ ಆರಿದರೆ ಹೀಟ್‌ಸಿಂಕ್ ನೋಡಿ. ಕೆಲವು ಮಾದರಿಗಳಲ್ಲಿ ಹೀಟ್‌ಸಿಂಕ್‌ನ ನಾಲ್ಕು ಸ್ಕ್ರೂಗಳು ಬೋರ್ಡನ್ನು ದಾಟಿ ಕ್ಯಾಬಿನೆಟ್‌ನ ತಗಡಿಗೇ ಬಿಗಿಯುತ್ತವೆ. ಬೋರ್ಡ್ ಹೊರಬಂದ ಮೇಲೆ ಅವಕ್ಕೆ ಹಿಡಿತವೇ ಇರುವುದಿಲ್ಲ, ಹೀಟ್‌ಸಿಂಕ್ ಪ್ರೊಸೆಸರ್ ಮೇಲೆ ಸುಮ್ಮನೆ ಕೂತಿರುತ್ತದೆ. ಬೋರ್ಡಿನ ಬೆನ್ನಿಗೆ ನಾಲ್ಕೂ ತೂತುಗಳನ್ನು ಆವರಿಸುವ ಪಟ್ಟಿ ಇಲ್ಲದಿದ್ದರೆ ಒಂದು ಬ್ಯಾಕ್‌ಪ್ಲೇಟ್ ಬೇಕು. ಈ ಕಾಲದ ಪ್ರೊಸೆಸರ್‌ಗಳು ಕೂರುವ ಎಲ್‌ಜಿಎ 1155 ಮತ್ತು 1150 ಸಾಕೆಟ್‌ಗಳ ತೂತುಗಳ ನಡುವೆ 75 ಮಿಲಿಮೀಟರ್ ಅಂತರ, ಆ ಅಳತೆಯ ಕೂಲರ್‌ಗಳು ಸುಲಭವಾಗಿ ಸಿಗುತ್ತವೆ. ಹೀಟ್‌ಸಿಂಕ್ ಎತ್ತಿದಾಗಲೆಲ್ಲ ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿ.

ಫ್ಯಾನ್ ಓಡುತ್ತದೆ, ಡಿಸ್ಪ್ಲೇ ಬರುತ್ತಿಲ್ಲ

ಪ್ರೊಸೆಸರ್ ಪಕ್ಕದ 4 ಪಿನ್ನಿನ 12 ವೋಲ್ಟ್ ಕನೆಕ್ಟರ್ ಸಿಕ್ಕಿಸಿದ್ದೀರಾ? ದೊಡ್ಡ ಕ್ಯಾಬಿನೆಟ್‌ನಲ್ಲಿ ಕೇಬಲ್ ಅಲ್ಲಿಯವರೆಗೆ ಎಟುಕದೆ ಮರೆತುಹೋಗುವುದುಂಟು. ಅದಿಲ್ಲದೆ ಫ್ಯಾನ್‌ಗಳು ತಿರುಗುತ್ತವೆ, ಪ್ರೊಸೆಸರ್ ಮಾತ್ರ ಏಳುವುದಿಲ್ಲ. ಮಾನಿಟರ್ ಕೇಬಲ್ ಬೋರ್ಡಿನ ಕಿಂಡಿಯಲ್ಲಿದ್ದು ಗ್ರಾಫಿಕ್ಸ್ ಕಾರ್ಡೂ ಕೂತಿದ್ದರೆ ಚಿತ್ರ ಕಾರ್ಡಿನ ಕಡೆಗೆ ಹೋಗುತ್ತಿರಬಹುದು. ರ‍್ಯಾಮ್ ಕಡ್ಡಿಗಳನ್ನು ಕಿತ್ತು, ಎರಡೂ ಬದಿಯ ಕೊಂಡಿ ಟಕ್ಕೆನ್ನುವಂತೆ ಮತ್ತೆ ಕೂರಿಸಿ.

ಇಷ್ಟಕ್ಕೂ ಬಗ್ಗದಿದ್ದರೆ ಬೋರ್ಡಿನ ಮಾತು ಕೇಳಬೇಕು. ಅದಕ್ಕೆ ಸ್ಪೀಕರ್ ಬೇಕು. ಹಳೆಯ ಕ್ಯಾಬಿನೆಟ್‌ನಲ್ಲಿ ಎಲ್ಲೋ ಮೂಲೆಯಲ್ಲಿ ಸಿಕ್ಕಿಸಿದ್ದ ಪುಟ್ಟ ಸ್ಪೀಕರನ್ನು ಬಹಳ ಜನ ಅಲ್ಲೇ ಬಿಟ್ಟು ಬರುತ್ತಾರೆ. ಹೊಸ ಕ್ಯಾಬಿನೆಟ್‌ಗಳಲ್ಲಿ ಅದು ಹೆಚ್ಚಾಗಿ ಇರುವುದೇ ಇಲ್ಲ. ಹಳೆಯದನ್ನು ತಂದು ಜೋಡಿಸಿ. ಆಪ್ಟಿಪ್ಲೆಕ್ಸ್‌ನ ಹಲವು ಮಾದರಿಗಳಲ್ಲಿ ಸದ್ದುಗಳು ಮೂರು ಗುಂಪಾಗಿ ಬರುತ್ತವೆ. 1-3-1ರಿಂದ 2-4-4ರವರೆಗಿನವು ರ‍್ಯಾಮ್ ಸರಿಯಾಗಿ ಗುರುತಾಗುತ್ತಿಲ್ಲ ಎಂಬ ಅರ್ಥದವು. ಆ ಕಾಲದ ಎಚ್‌ಪಿ ಕಚೇರಿ ಯಂತ್ರಗಳಲ್ಲಿ ಪವರ್ ದೀಪ ಕೆಂಪಾಗಿ ಮಿಟುಕುತ್ತದೆ, ಜೊತೆಗೆ ಅಷ್ಟೇ ಬಾರಿ ಸದ್ದು: ಎರಡು ಬಾರಿಯಾದರೆ ಪ್ರೊಸೆಸರ್ ಬಿಸಿ, ನಾಲ್ಕಾದರೆ ಪವರ್ ಸಾಲದು, ಐದಾದರೆ ರ‍್ಯಾಮ್, ಆರಾದರೆ ಗ್ರಾಫಿಕ್ಸ್. ಈ ಎಣಿಕೆ ಗೊತ್ತಿದ್ದವರು ಅರ್ಧ ದಿನದ ತಡಕಾಟವನ್ನು ಒಂದು ನಿಮಿಷದಲ್ಲಿ ಮುಗಿಸುತ್ತಾರೆ. ನಾಲ್ಕು ಬಾರಿ ಮಿಟುಕುವ ದೀಪವನ್ನು ನೋಡುತ್ತಾ ರ‍್ಯಾಮ್ ಬದಲಿಸುತ್ತಾ ಕೂರುವುದು ವ್ಯರ್ಥ ಶ್ರಮ.

ಪ್ರತಿ ಸಲ ಎಫ್1 ಒತ್ತು ಎನ್ನುತ್ತದೆ

ಯಂತ್ರ ಏಳುತ್ತದೆ, ಆದರೆ ಕಪ್ಪು ಪರದೆಯಲ್ಲಿ ಒಂದು ದೂರು, ಕೆಳಗೆ ಮುಂದುವರಿಯಲು ಎಫ್1 ಎಂಬ ಸಾಲು. ‘ಒತ್ತಿದರೆ ಆಯಿತಲ್ಲ’ ಎಂದು ವರ್ಷಗಟ್ಟಲೆ ಒತ್ತುವವರಿದ್ದಾರೆ. ಕರೆಂಟು ಹೋಗಿ ಬಂದ ಮೇಲೆ ತಾನಾಗಿ ಏಳಬೇಕಾದ ಯಂತ್ರಕ್ಕೆ ಇದು ನಿಜವಾದ ತೊಂದರೆ. ಮೇಲಾಗಿ, ಸದಾ ಕಾಣುವ ಒಂದು ದೂರಿನ ಹಿಂದೆ ನಾಳೆ ಬರುವ ನಿಜವಾದ ದೂರು ಮರೆಯಾಗುತ್ತದೆ. ಇದನ್ನು ಸರಿಪಡಿಸಿಯೇ ಕ್ಯಾಬಿನೆಟ್ ಮುಚ್ಚಬೇಕೆಂಬುದು ನನ್ನ ಹಟ.

ಡೆಲ್‌ನಲ್ಲಿ ‘ಅಲರ್ಟ್! ಕವರ್ ವಾಸ್ ಪ್ರೀವಿಯಸ್ಲಿ ರಿಮೂವ್ಡ್’ ಎಂದು ಬಂದರೆ ಮುಚ್ಚಳದ ಸ್ವಿಚ್ಚು ಕಾಣೆಯಾಗಿದೆ. ಎಫ್2 ಒತ್ತಿ ಬಯಾಸ್‌ಗೆ ಹೋಗಿ, ಷಾಸಿ ಇಂಟ್ರೂಷನ್ ಎಂಬಲ್ಲಿ ಹಳೆಯ ಎಚ್ಚರಿಕೆ ಅಳಿಸಿ, ಸೌಲಭ್ಯವನ್ನೇ ನಿಷ್ಕ್ರಿಯಗೊಳಿಸಿ. ಎಚ್‌ಪಿಯಲ್ಲಿ ಇದೇ ದೂರಿಗೆ 912 ಎಂಬ ಸಂಖ್ಯೆ. ಇದು ಸುಲಭದ್ದು.

ಫ್ಯಾನ್‌ನ ದೂರು ಅಷ್ಟು ಸುಲಭವಲ್ಲ. ಡೆಲ್‌ನಲ್ಲಿ ‘ಸಿಸ್ಟಮ್ ಫ್ಯಾನ್ ಫೇಲ್ಯೂರ್’, ‘ಪ್ರೀವಿಯಸ್ ಫ್ಯಾನ್ ಫೇಲ್ಯೂರ್’. ಎಚ್‌ಪಿಯಲ್ಲಿ 512, ಅಂದರೆ ಹಿಂಬದಿಯ ಫ್ಯಾನ್ ಕಾಣುತ್ತಿಲ್ಲ. ಹೊಸ ಕ್ಯಾಬಿನೆಟ್‌ನಲ್ಲಿ ಮೂರು ಫ್ಯಾನ್ ಭರ್ರೆಂದು ತಿರುಗುತ್ತಿದ್ದರೂ ಈ ದೂರು ತಪ್ಪುವುದಿಲ್ಲ. ಏಕೆಂದರೆ ಬೋರ್ಡ್ ನೋಡುವುದು ಗಾಳಿಯನ್ನಲ್ಲ, ವೇಗ ತಿಳಿಸುವ ತಂತಿಯನ್ನು. 4 ಪಿನ್ನಿನ ಫ್ಯಾನ್‌ನಲ್ಲಿ ಮೊದಲನೆಯದು ನೆಲ, ಎರಡನೆಯದು 12 ವೋಲ್ಟ್, ಮೂರನೆಯದು ವೇಗದ ಸಂಕೇತ, ನಾಲ್ಕನೆಯದು ವೇಗ ನಿಯಂತ್ರಣ. ಮೂರನೆಯ ತಂತಿಯಲ್ಲಿ ಪ್ರತಿ ಸುತ್ತಿಗೆ ಎರಡು ಮಿಡಿತ ಬರುತ್ತದೆ. ಎಸ್‌ಎಂಪಿಎಸ್‌ನಿಂದ ನೇರ ಪವರ್ ಪಡೆಯುವ ಎರಡು ತಂತಿಯ ಫ್ಯಾನ್ ಈ ಸಂಕೇತ ಕೊಡುವುದೇ ಇಲ್ಲ. ಆದ್ದರಿಂದ ಹಳೆಯ ಫ್ಯಾನ್ ಕೂರುತ್ತಿದ್ದ ಬೋರ್ಡಿನ ಅದೇ ಕನೆಕ್ಟರಿಗೆ ವೇಗದ ಸಂಕೇತವಿರುವ ಫ್ಯಾನ್ ಒಂದನ್ನು ಜೋಡಿಸಬೇಕು.

ಡೆಲ್‌ನ ಹಲವು ಬೋರ್ಡ್‌ಗಳಲ್ಲಿ ಆ ಕನೆಕ್ಟರ್ 5 ಪಿನ್ನಿನದು, ಹೆಚ್ಚಿನ ಪಿನ್ ಯಾವ ಬಗೆಯ ಫ್ಯಾನ್ ಕೂತಿದೆ ಎಂದು ಬೋರ್ಡಿಗೆ ಗುರುತು ಹೇಳುವುದಕ್ಕೆ. ತಂತಿಗಳ ಕ್ರಮವೂ ಬಣ್ಣವೂ ಅಂಗಡಿಯ ಫ್ಯಾನ್‌ನದರಂತೆ ಇರುವುದಿಲ್ಲ. ಬಣ್ಣ ನೋಡಿ ಬೆಸೆದವರು ಬೋರ್ಡಿನ ಫ್ಯಾನ್ ಸರ್ಕ್ಯೂಟ್ ಸುಟ್ಟುಕೊಳ್ಳುವ ಅಪಾಯವಿದೆ. ಅತ್ಯಂತ ಸುರಕ್ಷಿತ ದಾರಿ ಹಳೆಯ ಫ್ಯಾನ್‌ನನ್ನೇ ಹೊಸ ಕ್ಯಾಬಿನೆಟ್‌ನ ಹಿಂಬದಿಗೆ ಬಿಗಿಯುವುದು. ತೂತು ಕೂಡದಿದ್ದರೆ ಪ್ಲಾಸ್ಟಿಕ್ ಟೈ ಸಾಕು. ಹೊಸ ಫ್ಯಾನೇ ಬೇಕೆಂದರೆ ಆ ಮಾದರಿಗೆಂದೇ ಮಾಡಿದ 5ರಿಂದ 4 ಪಿನ್ನಿನ ಅಡಾಪ್ಟರ್ ಕೊಳ್ಳಿ.

ಮೂರನೆಯ ದೂರು ಮುಂದಿನ ಫಲಕದ್ದು. ಎಚ್‌ಪಿ 917 ಎಂದರೆ ಮುಂದಿನ ಆಡಿಯೊ, 918 ಎಂದರೆ ಮುಂದಿನ ಯುಎಸ್‌ಬಿ ಜೋಡಣೆಯಾಗಿಲ್ಲ. ಡೆಲ್‌ನಲ್ಲಿ ಫ್ರಂಟ್ ಐಒ ಕೇಬಲ್ ಎಂದು ಹೆಸರಿಸಿ ದೂರುತ್ತದೆ. ಹೊಸ ಕ್ಯಾಬಿನೆಟ್‌ನ ಕೇಬಲ್ ಅಲ್ಲಿ ಕೂತರೂ ಗುರುತಿನ ಪಿನ್ ಇಲ್ಲದ್ದರಿಂದ ದೂರು ಉಳಿಯುತ್ತದೆ. ಇದಕ್ಕೆ ಮದ್ದು ನೇರವಾಗಿದೆ: ಹಳೆಯ ಕ್ಯಾಬಿನೆಟ್‌ನ ಮುಂಭಾಗದ ಆ ಪುಟ್ಟ ಸರ್ಕ್ಯೂಟ್ ಪಟ್ಟಿಯನ್ನು ಕೇಬಲ್ ಸಮೇತ ಬಿಚ್ಚಿ ತಂದು, ಲೋಹಕ್ಕೆ ತಾಗದಂತೆ ಹೊಸ ಕ್ಯಾಬಿನೆಟ್‌ನ ಒಳಗೇ ಕಟ್ಟಿಬಿಡುವುದು. ಹೊಸ ಕ್ಯಾಬಿನೆಟ್‌ನ ಮುಂದಿನ ಯುಎಸ್‌ಬಿ ಕೆಲಸ ಮಾಡಬೇಕೆಂದರೆ, ಪಿಸಿಐ ಎಕ್ಸ್‌ಪ್ರೆಸ್ ಕಿಂಡಿಗೆ ಹಾಕುವ, ಒಳಗೆ 19 ಪಿನ್ನಿನ ಕನೆಕ್ಟರ್ ಇರುವ ಯುಎಸ್‌ಬಿ 3 ಕಾರ್ಡ್ ಸಿಗುತ್ತದೆ. ಬೋರ್ಡಿನ ಪಿನ್ನುಗಳ ಮೇಲೆ ಪ್ರಯೋಗ ಮಾಡುವುದಕ್ಕಿಂತ ಅದು ಮೇಲು.

ವಿಂಡೋಸ್ ಮಾತ್ರ ಏಳುತ್ತಿಲ್ಲ

ಸಾಗಾಟದ ನಡುವೆ ಬೋರ್ಡಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಕಳಚಿದ್ದರೆ, ಅಥವಾ ಹಳತಾಗಿ 3 ವೋಲ್ಟಿಗಿಂತ ಬಹಳ ಕೆಳಗಿಳಿದಿದ್ದರೆ, ಬಯಾಸ್ ತನ್ನ ಮೂಲ ಸ್ಥಿತಿಗೆ ಮರಳುತ್ತದೆ. ದಿನಾಂಕ ತಪ್ಪಾಗಿ ಕಾಣುವುದು ಇದರ ಲಕ್ಷಣ. ಡೆಲ್‌ನ ಅನೇಕ ಯಂತ್ರಗಳಲ್ಲಿ ಮೂಲ ಸ್ಥಿತಿಯಲ್ಲಿ ಸಾಟಾ ವಿಧಾನ, ಅಂದರೆ ಬೋರ್ಡ್ ಡಿಸ್ಕ್‌ನೊಂದಿಗೆ ಮಾತಾಡುವ ಬಗೆ, ‘ರೇಡ್ ಆನ್’ ಆಗಿರುತ್ತದೆ. ನಿಮ್ಮ ವಿಂಡೋಸ್ ಎಎಚ್‌ಸಿಐ ಎಂಬ ಇನ್ನೊಂದು ವಿಧಾನದಲ್ಲಿ ಸ್ಥಾಪನೆಯಾಗಿದ್ದರೆ ನೀಲಿ ಪರದೆ ಬಂದು 0ಎಕ್ಸ್7ಬಿ ಎನ್ನುತ್ತದೆ, ಅಂದರೆ ಬೂಟ್ ಡಿಸ್ಕ್ ಕೈಗೆ ಸಿಗುತ್ತಿಲ್ಲ. ಡಿಸ್ಕ್ ಕೆಟ್ಟಿಲ್ಲ, ಫಾರ್ಮ್ಯಾಟ್ ಮಾಡಬೇಡಿ. ವಿಧಾನವನ್ನು ಹಿಂದಿನದಕ್ಕೆ ತಿರುಗಿಸಿ. ಬೂಟ್ ಡಿಸ್ಕೇ ಕಾಣುತ್ತಿಲ್ಲ ಎಂದರೆ ಲೆಗಸಿ, ಯುಇಎಫ್‌ಐ ಎಂಬ ಬೂಟ್ ಬಗೆಯ ಆಯ್ಕೆಯನ್ನೂ ಹೀಗೆಯೇ ನೋಡಿ.

ಕ್ಯಾಬಿನೆಟ್ ಬದಲಾದ ಮಾತ್ರಕ್ಕೆ ವಿಂಡೋಸ್ ಪರವಾನಗಿ ಹೋಗುವುದಿಲ್ಲ, ಅದು ಅಂಟಿಕೊಂಡಿರುವುದು ಬೋರ್ಡಿಗೆ. ಆದರೆ ವಿಂಡೋಸ್ 7ರ ಕಾಲದ ಯಂತ್ರಗಳ ಕೀ ಅಚ್ಚಾಗಿರುವುದು ಹಳೆಯ ಕ್ಯಾಬಿನೆಟ್‌ನ ಮೈಮೇಲಿನ ಚೀಟಿಯಲ್ಲಿ. ಗುಜರಿಗೆ ಹಾಕುವ ಮುನ್ನ ಫೋಟೊ ತೆಗೆದಿಡಿ. ಯಂತ್ರದ ಗುರುತಿನ ಸಂಖ್ಯೆಯಾದ ಸರ್ವಿಸ್ ಟ್ಯಾಗ್‌ನದೂ ಹಾಗೆಯೇ.

ಎಲ್ಲ ಸರಿ, ಆದರೆ ಫ್ಯಾನ್ ಅಬ್ಬರಿಸುತ್ತಿದೆ

ಫ್ಯಾನ್ ಸದಾ ಗರಿಷ್ಠ ವೇಗದಲ್ಲಿದ್ದು ಪ್ರೊಸೆಸರ್ ತಣ್ಣಗೇ ಇದ್ದರೆ ಬೋರ್ಡ್ ಯಾವುದೋ ಸಂವೇದಕಕ್ಕಾಗಿ ಕಾಯುತ್ತಿದೆ. ಕೆಲವು ಬ್ರ್ಯಾಂಡೆಡ್ ಯಂತ್ರಗಳಲ್ಲಿ ಕ್ಯಾಬಿನೆಟ್‌ನ ಗಾಳಿಯ ಬಿಸಿ ಅಳೆಯುವ ತೆಳುವಾದ ಎರಡು ತಂತಿಯ ಸಂವೇದಕ ಇರುತ್ತದೆ. ಅದು ಸಿಗದಿದ್ದಾಗ ಯಂತ್ರ ಕೇಡನ್ನೇ ಊಹಿಸಿಕೊಂಡು ಫ್ಯಾನ್ ಜೋರು ಮಾಡುತ್ತದೆ. ಹಳೆಯ ಕ್ಯಾಬಿನೆಟ್‌ನ ಮುಂಭಾಗದಲ್ಲಿ ಹುಡುಕಿ, ತಂದು ಹೊಸದರಲ್ಲಿ ತಣ್ಣನೆಯ ಗಾಳಿ ಬರುವ ಜಾಗದಲ್ಲಿ ಅಂಟಿಸಿ. ಪ್ರೊಸೆಸರ್ ನಿಜವಾಗಿಯೂ ಬಿಸಿಯಾಗುತ್ತಿದ್ದರೆ ಹೀಟ್‌ಸಿಂಕ್‌ನ ಒತ್ತಡವನ್ನೂ, ಅದರ ಮೇಲೆ ಗಾಳಿ ಹಾಯಿಸುತ್ತಿದ್ದ ಪ್ಲಾಸ್ಟಿಕ್ ಕೊಳವೆಯನ್ನೂ ನೋಡಿ. ‘ಹೊಸ ಕ್ಯಾಬಿನೆಟ್‌ಗೆ ಇದೇಕೆ’ ಎಂದು ಎಸೆಯುವ ಆ ಕೊಳವೆಯ ಜಾಗದಲ್ಲಿ ಬೇರೆ ಫ್ಯಾನ್ ಇಲ್ಲದಿದ್ದರೆ ತಾಪ ಏರಲೇಬೇಕು.

ಬೋರ್ಡ್ ನಿಜವಾಗಿಯೂ ಹೋಗಿದೆ ಎನ್ನುವುದಕ್ಕೆ

ಒಂದೇ ಪರೀಕ್ಷೆ ಒಪ್ಪತಕ್ಕದ್ದು: ಎಲ್ಲವನ್ನೂ ಹಳೆಯ ಕ್ಯಾಬಿನೆಟ್‌ಗೆ, ಹಳೆಯ ಎಸ್‌ಎಂಪಿಎಸ್, ಹಳೆಯ ಬಟನ್, ಹಳೆಯ ಫ್ಯಾನ್ ಸಮೇತ ಮರಳಿಸುವುದು. ಅದಕ್ಕಾಗಿಯೇ ಹೊಸ ಕ್ಯಾಬಿನೆಟ್‌ನಲ್ಲಿ ಯಂತ್ರ ಕೆಲವು ವಾರ ನೆಟ್ಟಗೆ ಓಡುವವರೆಗೆ ಹಳೆಯದರ ಒಂದು ಸ್ಕ್ರೂವನ್ನೂ ಎಸೆಯಬಾರದು. ಅಲ್ಲಿಯೂ ಸ್ಟ್ಯಾಂಡ್‌ಬೈ ದೀಪ ಹೊತ್ತದೆ, ಬ್ಯಾಟರಿ ಬದಲಿಸಿದರೂ, ಬೇರೆ ರ‍್ಯಾಮ್ ಹಾಕಿದರೂ ಉಸಿರಿಲ್ಲದಿದ್ದರೆ ಬೋರ್ಡನ್ನು ಬೆಳಕಿಗೆ ಹಿಡಿದು ಬೆನ್ನ ಮೇಲೆ ಸ್ಕ್ರೂಡ್ರೈವರ್ ಜಾರಿದ ಗೀರು, ಕಿತ್ತುಬಂದ ಚಿಕ್ಕ ಬಿಡಿಭಾಗ, ಕರಕಲು ವಾಸನೆ, ಪ್ರೊಸೆಸರ್ ತೆಗೆದಿದ್ದರೆ ಸಾಕೆಟ್‌ನಲ್ಲಿ ಬಾಗಿದ ಪಿನ್ ಹುಡುಕಿ. ಇವುಗಳಲ್ಲಿ ಒಂದು ಕಂಡರೆ ಅದೇ ಮಾದರಿಯ ಬೋರ್ಡನ್ನು ಸೆಕೆಂಡ್ ಹ್ಯಾಂಡ್ ಹುಡುಕುವುದು ರಿಪೇರಿಗಿಂತ ಅಗ್ಗ. ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಮೂರೂ ಅದಕ್ಕೆ ಹೊಂದುತ್ತವೆ, ಕೊಳ್ಳುವಾಗ ಅದರ ಫ್ರಂಟ್ ಪ್ಯಾನೆಲ್ ಕೇಬಲ್ಲನ್ನೂ ಜೊತೆಗೇ ಕೇಳಿ ಪಡೆಯಿರಿ.